ಹಳೇ ಮದರಾಸು ರಸ್ತೆ ಮತ್ತು ಅದರ ಒಡೆಯರು

ಸ್ಥಳೀಯ ಸಂಸ್ಥೆಗಳ ವಿಷಯವಾಗಿ ಪಾಠ ನಡೆಯುತ್ತಿದ್ದ ಒಂದು ದಿನ ನಮ್ಮ ರಾಜ್ಯಶಾಸ್ತ್ರದ ಅಧ್ಯಾಪಕರು ಪುಸ್ತಕವನ್ನು ಮುಚ್ಚಿಟ್ಟು, "ನೀವು ದಿನವೂ ಕಾಲೇಜಿಗೆ ಬರುವ ರಸ್ತೆ ಯಾರದು?" ಎಂದು ಕೇಳಿದರು. ಕಾರ್ಪೊರೇಷನ್ನಿನದು ಎಂದರು ಕೆಲವರು. ಸರ್ಕಾರದ್ದು ಎಂದರು ಕೆಲವರು. ಹಿಂದಿನ ಬೆಂಚಿನಿಂದ ಗೆಳೆಯನೊಬ್ಬ, "ಗುಂಡಿಗಳದು ಸಾರ್" ಎಂದ. ಎಲ್ಲರೂ ನಕ್ಕೆವು, ಅಧ್ಯಾಪಕರೂ ನಕ್ಕರು, ಗಂಟೆ ಹೊಡೆಯಿತು. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅದಕ್ಕೆ ಕಾರಣ ನಮ್ಮ ಮನೆಯಲ್ಲಿಯೇ ಇದ್ದಿತು. ಆ ವಿಚಾರವಾಗಿ ನಾನು ಓದಿ ಕೇಳಿ ನೋಡಿ ತಿಳಿದುಕೊಂಡ ನಾಲ್ಕು ಮಾತುಗಳನ್ನು ಸಹಪಾಠಿಗಳ ಮುಂದೆ ಇಡುವುದಕ್ಕಾಗಿ ಈ ಲೇಖನ.

ನಮ್ಮ ಮನೆ ಹೊಸ ತಿಪ್ಪಸಂದ್ರದಲ್ಲಿದೆ. ನಮ್ಮ ತಂದೆಯವರು ಇಪ್ಪತ್ತೈದು ವರ್ಷಗಳ ಹಿಂದೆ ಮುಳಬಾಗಿಲಿನ ಕಡೆಯ ಹಳ್ಳಿಯಿಂದ ಹಳೇ ಮದರಾಸು ರಸ್ತೆಯ ಬಸ್ಸು ಹತ್ತಿ, ಕೋಲಾರವನ್ನು ದಾಟಿ, ಟಿನ್ ಫ್ಯಾಕ್ಟರಿಯ ಬಳಿ ಒಂದು ಟ್ರಂಕಿನೊಡನೆ ಇಳಿದವರು. ಅವರು ಓದಿದ್ದು ಐದನೆಯ ತರಗತಿಯವರೆಗೆ; ತಾಯಿಗೆ ಅದೂ ಇಲ್ಲ. ನಮ್ಮ ವಂಶದಲ್ಲಿ ಪದವಿ ತರಗತಿಯ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆ ದೃಷ್ಟಿಯಿಂದ ನಮ್ಮ ಮನೆತನದ ಚರಿತ್ರೆಯೆಲ್ಲವೂ ಒಂದೇ ರಸ್ತೆಯ ಮೇಲೆ ನಡೆದದ್ದೆಂದು ಹೇಳಬಹುದು. ಇವತ್ತಿಗೂ ಬೆಳಿಗ್ಗೆ ನಾನು ಆ ರಸ್ತೆಯಲ್ಲಿ ಪಡುವಣಕ್ಕೆ, ಇಂದಿರಾನಗರ ಹಲಸೂರುಗಳ ಮೂಲಕ ಕಾಲೇಜಿಗೆ ಹೋಗುತ್ತೇನೆ. ನಮ್ಮ ತಾಯಿ ಮೂಡಲಿಗೆ, ಕೃಷ್ಣರಾಜಪುರದ ದಿಕ್ಕಿಗೆ, ಕೆಲಸಕ್ಕೆ ಹೋಗುತ್ತಾರೆ.

ತಾಯಿಯವರು ಮಹದೇವಪುರದ ಒಂದು ದೊಡ್ಡ ಕಛೇರಿಯಲ್ಲಿ ಕಸ ಗುಡಿಸಿ ನೆಲ ಒರೆಸುವ ಕೆಲಸದಲ್ಲಿದ್ದಾರೆ. ಅದೇ ಕಛೇರಿಯ ಇಂಜಿನಿಯರುಗಳಿಗೆ ಕಂಪನಿಯ ವಾಹನ ಮನೆಯ ಬಾಗಿಲಿಗೆ ಬರುತ್ತದೆ. ಅವರು ಬರುವ ಮುನ್ನ ನೆಲ ಒರೆಸಿರಬೇಕಾದವರಿಗೆ ಬರುವುದಿಲ್ಲ. ಆದುದರಿಂದ ಅವರು ಬೆಳಿಗ್ಗೆ ಆರು ಗಂಟೆಗೇ ಹೊರಟು, ಸುರಂಜನ್ ದಾಸ್ ರಸ್ತೆಯುದ್ದಕ್ಕೂ ನಡೆದು, ಹಳೇ ಮದರಾಸು ರಸ್ತೆಯಲ್ಲಿ ಬಸ್ಸು ಹಿಡಿದು, ಟಿನ್ ಫ್ಯಾಕ್ಟರಿಯಲ್ಲಿ ಇಳಿದು, ರಸ್ತೆ ದಾಟಿ, ಹೊರವರ್ತುಲ ರಸ್ತೆಯ ಇನ್ನೊಂದು ಬಸ್ಸು ಹತ್ತಬೇಕು. ಮೆಟ್ರೋ ರೈಲಿನಲ್ಲಿ ಹೋಗಬಾರದೇ ಎಂದು ಓದುಗರು ಕೇಳಬಹುದು. ೨೦೨೩ರ ಜೂನ್ ೧೧ರಿಂದ ಶಕ್ತಿ ಯೋಜನೆಯ ಮೇರೆಗೆ ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿನ ಹಣವಿಲ್ಲ. ಮೆಟ್ರೋದಲ್ಲಿ ಹಣ ಕೊಡಬೇಕು. ೨೦೨೫ರ ಫೆಬ್ರವರಿಯಲ್ಲಿ ಅದರ ದರವೂ ಏರಿ, ಅತಿ ಹೆಚ್ಚಿನ ಟಿಕೆಟ್ಟು ಅರವತ್ತು ರೂಪಾಯಿಯಿಂದ ತೊಂಬತ್ತಕ್ಕೆ ಹೋಯಿತು. ಮೆಟ್ರೋ ಗಾಡಿಗಳನ್ನು ಕಟ್ಟುವ ಬಿ.ಇ.ಎಂ.ಎಲ್. ಕಾರ್ಖಾನೆ ಇರುವುದು ನಮ್ಮ ಹೊಸ ತಿಪ್ಪಸಂದ್ರದಲ್ಲಿಯೇ. ಅದರ ಗೋಡೆಯ ಪಕ್ಕದಲ್ಲಿ ನಡೆದುಕೊಂಡು ಹೋಗಿ ತಾಯಿ ಬಸ್ಸು ಹತ್ತುತ್ತಾರೆ.

ಕಳೆದ ದಸರಾ ರಜೆಯಲ್ಲಿ ನಾನು ಒಂದು ನೋಟುಪುಸ್ತಕ ಹಿಡಿದುಕೊಂಡು ಆರು ದಿನ ಅವರ ಜೊತೆಯಲ್ಲಿ ಹೋದೆ. ಇದನ್ನು ಸಂಶೋಧನೆ ಎಂದು ಕರೆದರೆ ಅಧ್ಯಾಪಕರು ನಕ್ಕಾರು. ಗಡಿಯಾರ ನೋಡಿ ಬರೆದುಕೊಂಡೆ, ಅಷ್ಟೆ. ಆರರಲ್ಲಿ ಐದು ದಿನ ಬಸ್ಸಿನೊಳಗೆ ಕುಳಿತ ಹೊತ್ತಿಗಿಂತ ಇಳಿದು, ದಾಟಿ, ಕಾದ ಹೊತ್ತೇ ಹೆಚ್ಚಾಗಿದ್ದಿತು. ಬಸ್ಸು ಹೇಗೋ ಓಡುತ್ತದೆ. ಕಷ್ಟವಿರುವುದು ಒಂದು ಬಸ್ಸು ಮುಗಿದು ಇನ್ನೊಂದು ಆರಂಭವಾಗುವ ಜಾಗದಲ್ಲಿ. ಹೊಲಿದ ಬಟ್ಟೆ ಹರಿಯುವುದು ಹೊಲಿಗೆಯಲ್ಲಿ ಎಂದು ದರ್ಜಿಗಳು ಹೇಳುವುದನ್ನು ಕೇಳಿದ್ದೇನೆ.

ಆ ಜಾಗವನ್ನು ನೋಡದವರಿಗಾಗಿ ಸ್ವಲ್ಪ ಹೇಳುತ್ತೇನೆ. ಹಳೇ ಮದರಾಸು ರಸ್ತೆಯೂ ಹೊರವರ್ತುಲ ರಸ್ತೆಯೂ ಟಿನ್ ಫ್ಯಾಕ್ಟರಿಯ ಬಳಿ ಕೂಡುತ್ತವೆ. ಪಕ್ಕದಲ್ಲಿ ಜೋಲಾರಪೇಟೆಯ ಕಡೆಯ ರೈಲುದಾರಿ. ಅದರ ಮೇಲೆ ೨೦೦೩ರಲ್ಲಿ ತೆರೆದ, ಜನ ತೂಗುಸೇತುವೆ ಎಂದೇ ಕರೆಯುವ ಸೇತುವೆ. ತಲೆಯ ಮೇಲೆ ಮೆಟ್ರೋ. ಕೋಲಾರ, ತಿರುಪತಿಯ ಕಡೆಯ ಬಸ್ಸುಗಳು ಇಲ್ಲಿಯೇ ನಿಂತು ಜನರನ್ನು ಹತ್ತಿಸಿಕೊಳ್ಳುತ್ತವೆ, ನಗರದ ಬಸ್ಸುಗಳು ಅವುಗಳ ಬೆನ್ನಿಗೆ, ಆಟೋಗಳು ಸಂದಿಯಲ್ಲಿ. ಇಷ್ಟರೊಳಗೆ ಸಿಗ್ನಲ್ ಸಂಚಾರಿ ಪೊಲೀಸರದು, ಬಸ್ಸು ಸಾರಿಗೆ ಸಂಸ್ಥೆಯದು, ಕಂಬ ಮೆಟ್ರೋ ನಿಗಮದ್ದು, ಹಳಿ ರೈಲ್ವೆಯದು, ನೆಲದಡಿಯ ಕೊಳವೆ ಜಲಮಂಡಳಿಯದು, ವಿದ್ಯುತ್ತಿನ ತಂತಿ ಬೆಸ್ಕಾಮಿನದು, ಚರಂಡಿಯೂ ಕಾಲುದಾರಿಯೂ ಪಾಲಿಕೆಯದು. ದಾಟಿಕೊಂಡು ಹೋಗಬೇಕಾದ ಹೆಂಗಸು ಮಾತ್ರ ಯಾರ ಲೆಕ್ಕಕ್ಕೂ ಸೇರಿದವಳಲ್ಲ.

ಕಳೆದ ನವೆಂಬರಿನ ಒಂದು ಸಂಜೆ ಮಳೆ ಬಂದು ನಿಂತಿತ್ತು. ದೀಪವಿರಲಿಲ್ಲ. ಬಸ್ಸಿನಿಂದ ಇಳಿದ ತಾಯಿ ಕಾಲಿಟ್ಟ ಕಡೆ ಚರಂಡಿಯ ಚಪ್ಪಡಿ ಇರಲಿಲ್ಲ. ಮೂಳೆ ಮುರಿಯಲಿಲ್ಲವೆಂಬುದು ದೇವರ ದಯೆ. ಹನ್ನೊಂದು ದಿನ ಕೆಲಸಕ್ಕೆ ಹೋಗಲಾಗಲಿಲ್ಲ, ಹನ್ನೊಂದು ದಿನದ ಕೂಲಿ ಹೋಯಿತು. ಆ ತಿಂಗಳು ನನ್ನ ಪರೀಕ್ಷಾ ಶುಲ್ಕವನ್ನು ತಂದೆಯವರು ಸಾಲ ಮಾಡಿ ಕಟ್ಟಿದರು. ಕಾಲಿಗೆ ಎಣ್ಣೆ ನೀವಿಕೊಳ್ಳುತ್ತ ತಾಯಿ ಕೇಳಿದ್ದು ಒಂದೇ ಮಾತು: "ಅಲ್ಲಪ್ಪಾ, ನೀನು ಇಷ್ಟು ಓದಿದ್ದೀಯಲ್ಲ, ಇದನ್ನ ಯಾರಿಗೆ ಹೇಳಬೇಕು?" ನನಗೆ ಗೊತ್ತಿರಲಿಲ್ಲ. ಅಧ್ಯಾಪಕರು ಕೇಳಿದ ಪ್ರಶ್ನೆಯನ್ನೇ ತಾಯಿಯೂ ಕೇಳಿದರೆಂದು ಆಗ ನನಗೆ ಹೊಳೆಯಿತು.

ಉತ್ತರವನ್ನು ಹುಡುಕುತ್ತ ನಾನು ಹೋದದ್ದು ಚರಿತ್ರೆಗೆ. ಬೆಂಗಳೂರು ಒಂದೇ ಊರಾಗಿದ್ದ ಕಾಲ ನಾವು ತಿಳಿದಿರುವುದಕ್ಕಿಂತ ಚಿಕ್ಕದು. ೧೮೦೯ರಲ್ಲಿ ಇಂಗ್ಲಿಷರು ಶ್ರೀರಂಗಪಟ್ಟಣದಿಂದ ಸೈನ್ಯವನ್ನು ತಂದು ಹಲಸೂರಿನ ಬಳಿ ದಂಡು ಕಟ್ಟಿದಂದಿನಿಂದ ಪೇಟೆ ಒಂದು, ದಂಡು ಇನ್ನೊಂದು. ೧೮೬೨ರಲ್ಲಿ ಎರಡಕ್ಕೂ ಬೇರೆ ಬೇರೆ ಪೌರಸಭೆಗಳಾದವು. ೧೮೮೧ರಲ್ಲಿ ಮೈಸೂರು ಸಂಸ್ಥಾನ ಒಡೆಯರಿಗೆ ಮರಳಿ ಬಂದಾಗ ದಂಡು ಮಾತ್ರ ಇಂಗ್ಲಿಷರ ಕೈಯಲ್ಲಿಯೇ ಉಳಿದು ರೆಸಿಡೆಂಟರ ಆಡಳಿತಕ್ಕೆ ಒಳಪಟ್ಟಿತು. ಅದು ಸಂಸ್ಥಾನಕ್ಕೆ ಹಿಂದಿರುಗಿದ್ದು ೧೯೪೭ರಲ್ಲಿ. ಎರಡು ಪೌರಸಭೆಗಳೂ ಕೂಡಿ ಒಂದು ಕಾರ್ಪೊರೇಷನ್ ಆದದ್ದು ೧೯೪೯ರ ಡಿಸೆಂಬರಿನಲ್ಲಿ. ಅಂದರೆ ಎಂಬತ್ತೇಳು ವರ್ಷ ಈ ಊರಿಗೆ ಎರಡು ಪೌರಸಭೆಗಳಿದ್ದವು.

ಹಾಗೆಂದು ಆ ಎರಡು ಊರುಗಳು ಒಂದರ ಮುಖ ಒಂದು ನೋಡದೆ ಇದ್ದವೆಂದಲ್ಲ. ದಂಡಿನ ಕೆರೆಗಳ ನೀರು ಸಾಲದೆ ಹೋದಾಗ, ೧೮೯೦ರ ದಶಕದಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಹೆಸರಘಟ್ಟದಿಂದ ತಂದ ನೀರು ಪೇಟೆಗೂ ಹರಿಯಿತು, ದಂಡಿಗೂ ಹರಿಯಿತು. ಸಂಸ್ಥಾನದ ನೀರು ಇಂಗ್ಲಿಷರ ಆಡಳಿತದ ಗಡಿಯನ್ನು ಕೊಳವೆಯಲ್ಲಿ ದಾಟಿತು. ಬಸ್ಸಿನ ವಿಷಯವೂ ಹಾಗೆಯೇ. ೧೯೪೦ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ ತೊಂಬತ್ತೆಂಟು ಬಸ್ಸುಗಳೊಡನೆ ಹುಟ್ಟಿದಾಗ ಕಾರ್ಪೊರೇಷನ್ ಇನ್ನೂ ಹುಟ್ಟಿರಲಿಲ್ಲ. ಆದರೂ ಬಸ್ಸು ಪೇಟೆಗೂ ದಂಡಿಗೂ ನಡುವೆ ಓಡಾಡಿತು. ಊರುಗಳನ್ನು ಆಡಳಿತಕ್ಕಿಂತ ಮೊದಲೇ ಬಸ್ಸು ಕೂಡಿಸಿತೆನ್ನಬೇಕು. ೧೯೫೬ರಲ್ಲಿ ಆ ಕಂಪನಿಯನ್ನು ಸರ್ಕಾರ ವಹಿಸಿಕೊಂಡಿತು. ೧೯೯೭ರಲ್ಲಿ ನಗರಕ್ಕೆ ಪ್ರತ್ಯೇಕ ಸಾರಿಗೆ ಸಂಸ್ಥೆಯಾಯಿತು.

ನಮ್ಮ ಭಾಗದಲ್ಲಿ ಮಾತ್ರ ೧೯೪೯ರಲ್ಲಿಯೂ ರಸ್ತೆ ಒಂದಾಗಲಿಲ್ಲ. ಎಚ್.ಎ.ಎಲ್., ಐ.ಟಿ.ಐ., ಎನ್.ಜಿ.ಇ.ಎಫ್. ಮೊದಲಾದ ಕಾರ್ಖಾನೆಗಳು ಒಂದಾದ ಮೇಲೊಂದು ಬಂದು, ಹಳ್ಳಿಗಳು ಬಡಾವಣೆಗಳಾದವು. ಕೃಷ್ಣರಾಜಪುರಕ್ಕೂ ಮಹದೇವಪುರಕ್ಕೂ ಬೇರೆ ಬೇರೆ ನಗರಸಭೆಗಳಿದ್ದವು. ಅವನ್ನೆಲ್ಲ ಸೇರಿಸಿಕೊಂಡು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಾದದ್ದು ೨೦೦೭ರಲ್ಲಿ. ಹದಿನೆಂಟು ವರ್ಷ ಹಲಸೂರಿನಿಂದ ಕೃಷ್ಣರಾಜಪುರದವರೆಗೆ ಒಂದೇ ಪಾಲಿಕೆ. ಆಮೇಲೆ ೨೦೨೫ರ ಸೆಪ್ಟೆಂಬರ್ ೨ರಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ನಗರಪಾಲಿಕೆಗಳಾದವು. ನಮ್ಮ ಹೊಸ ತಿಪ್ಪಸಂದ್ರವಿರುವ ಸಿ.ವಿ.ರಾಮನ್‌ನಗರ ಕ್ಷೇತ್ರ ಕೇಂದ್ರ ನಗರಪಾಲಿಕೆಗೆ ಸೇರಿತು. ಕೃಷ್ಣರಾಜಪುರ, ಮಹದೇವಪುರಗಳು ಪೂರ್ವ ನಗರಪಾಲಿಕೆಗೆ ಸೇರಿದವು. ನಮ್ಮ ತಾಯಿ ಈಗ ಬೆಳಿಗ್ಗೆ ಒಂದು ನಗರದಲ್ಲಿ ಎದ್ದು ಇನ್ನೊಂದು ನಗರಕ್ಕೆ ಕೆಲಸಕ್ಕೆ ಹೋಗುತ್ತಾರೆ. ಅವರಿಗೆ ಇದನ್ನು ಹೇಳಿದಾಗ, "ಹಾಗಾದ್ರೆ ಬಸ್ಸೂ ಬೇರೆಯಾ?" ಎಂದು ಗಾಬರಿಯಾದರು. ಇಲ್ಲವೆಂದು ಸಮಾಧಾನ ಹೇಳಿದೆ.

ಈಚೆಗೆ ಪತ್ರಿಕೆಗಳಲ್ಲಿಯೂ ನಮ್ಮ ಕ್ಯಾಂಟೀನಿನ ಚರ್ಚೆಗಳಲ್ಲಿಯೂ, ಊರನ್ನು ಐದು ಹೋಳು ಮಾಡಿದ್ದರಿಂದ ರಸ್ತೆಗಳು ಕೆಡುತ್ತವೆ ಎಂದು ಕೆಲವರು, ಸುಧಾರಿಸುತ್ತವೆ ಎಂದು ಕೆಲವರು ವಾದಿಸುತ್ತಿದ್ದಾರೆ. ಎರಡು ಪಕ್ಷದವರೂ ಒಂದು ವಿಷಯವನ್ನು ಮರೆಯುತ್ತಾರೆಂದು ನನಗೆ ತೋರುತ್ತದೆ. ಪಾಲಿಕೆ ಒಂದೇ ಆಗಿದ್ದ ಹದಿನೆಂಟು ವರ್ಷಗಳಲ್ಲಿಯೂ ಟಿನ್ ಫ್ಯಾಕ್ಟರಿ ಟಿನ್ ಫ್ಯಾಕ್ಟರಿಯಾಗಿಯೇ ಇದ್ದಿತು. ಗಡಿ ಇರುವುದು ನಗರ ನಗರಗಳ ನಡುವೆ ಮಾತ್ರವಲ್ಲ. ಒಂದೇ ನಗರದೊಳಗೆ ಇಲಾಖೆ ಇಲಾಖೆಗಳ ನಡುವೆಯೂ ಇದೆ. ಒಂದೇ ಹೆಸರಿನ ಫಲಕ ಹಾಕಿದ ಮಾತ್ರಕ್ಕೆ ಆ ಗಡಿ ಅಳಿಯುವುದಿಲ್ಲ. ಐದು ಫಲಕ ಹಾಕಿದ ಮಾತ್ರಕ್ಕೆ ಹೊಸದಾಗಿ ಹುಟ್ಟುವುದೂ ಇಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಮಾಡಲಿಲ್ಲ. ಇಲ್ಲಿ ಜಗಳವೂ ಇಲ್ಲ. ಒಬ್ಬರು ಇನ್ನೊಬ್ಬರತ್ತ ಕೈ ತೋರಿಸುವುದು ಮಾತ್ರ ಇದೆ.

ಇದಕ್ಕೆ ಎರಡು ಉದಾಹರಣೆಗಳನ್ನು ನಮ್ಮ ರಸ್ತೆಯಿಂದಲೇ ಕೊಡಬಹುದು. ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಗೆ ಮೆಟ್ರೋ ಆರಂಭವಾದದ್ದು ೨೦೧೧ರ ಅಕ್ಟೋಬರ್ ೨೦ರಂದು. ಆಚೆ ಕಡೆ, ಕೃಷ್ಣರಾಜಪುರದಿಂದ ವೈಟ್‌ಫೀಲ್ಡಿಗೆ ೨೦೨೩ರ ಮಾರ್ಚ್ ೨೫ರಂದು ತೆರೆಯಿತು. ನಡುವೆ ಸುಮಾರು ಎರಡು ಕಿಲೋಮೀಟರು ಮಾತ್ರ ಉಳಿಯಿತು. ಬೆನ್ನಿಗಾನಹಳ್ಳಿಯಲ್ಲಿ ರೈಲ್ವೆ ಹಳಿಗಳ ಮೇಲೆ ಉಕ್ಕಿನ ತೊಲೆಸೇತುವೆಯನ್ನು ಇಡಬೇಕಾಗಿತ್ತು. ಕೆಳಗೆ ಓಡುವ ರೈಲುಗಳನ್ನು ನಿಲ್ಲಿಸದೆ ಅದನ್ನು ಮಾಡುವಂತಿರಲಿಲ್ಲ, ನಿಲ್ಲಿಸಲು ರೈಲ್ವೆಯವರು ಒಪ್ಪಬೇಕು. ಅಂತೂ ಆ ಎರಡು ಕಿಲೋಮೀಟರು ಸೇರಿದ್ದು ಅಕ್ಟೋಬರ್ ೯ರಂದು. ಆರೂವರೆ ತಿಂಗಳು ಜನ ಒಂದು ಮೆಟ್ರೋ ಇಳಿದು, ಫೀಡರ್ ಬಸ್ಸು ಹತ್ತಿ, ಇನ್ನೊಂದು ಮೆಟ್ರೋ ಸೇರಿದರು. ನಡುವಿನ ಫೀಡರ್ ಬಸ್ಸಾದರೂ ಇದ್ದಿತಲ್ಲ ಎಂಬುದನ್ನು ನಾನು ಮೆಚ್ಚುತ್ತೇನೆ. ಎರಡು ಸಂಸ್ಥೆಗಳು ಮಾತನಾಡಿಕೊಂಡರೆ ಆಗಬಹುದಾದದ್ದಕ್ಕೆ ಅದು ಸಣ್ಣ ಸಾಕ್ಷಿ.

ಇನ್ನೊಂದು, ೨೦೧೯ರ ಬಸ್ಸಿನ ಪ್ರತ್ಯೇಕ ದಾರಿ. ಆ ವರ್ಷದ ಅಕ್ಟೋಬರಿನಲ್ಲಿ ರೇಷ್ಮೆ ಮಂಡಳಿಯಿಂದ ಟಿನ್ ಫ್ಯಾಕ್ಟರಿಯವರೆಗೆ ಹೊರವರ್ತುಲ ರಸ್ತೆಯ ಒಂದು ಪಟ್ಟಿಯನ್ನು ಬಸ್ಸಿಗೆಂದೇ ಬಿಟ್ಟು ಪರೀಕ್ಷೆ ಮಾಡಿದರು. ಪಾಲಿಕೆ ಗೂಟ ನೆಟ್ಟಿತು, ಪೊಲೀಸರು ಕಾದರು, ಸಾರಿಗೆ ಸಂಸ್ಥೆ ಬಸ್ಸು ಓಡಿಸಿತು, ನಗರ ಭೂಸಾರಿಗೆ ನಿರ್ದೇಶನಾಲಯ ಯೋಜನೆ ಹಾಕಿತು. ಆಗ ನಾನು ಹೈಸ್ಕೂಲಿನಲ್ಲಿದ್ದೆ. ತಾಯಿ ಅಂದಿನ ದಿನಗಳನ್ನು ಇಂದಿಗೂ ನೆನೆಯುತ್ತಾರೆ: "ಕಾರುಗಳೆಲ್ಲ ನಿಂತಿರ್ತಿದ್ವು, ನಮ್ಮ ಬಸ್ಸು ಹೋಗ್ತಿತ್ತು ನೋಡು." ಆಮೇಲೆ ಸಾಂಕ್ರಾಮಿಕ ರೋಗ ಬಂದಿತು, ೨೦೨೧ರ ನಂತರ ಅದೇ ರಸ್ತೆಯಲ್ಲಿ ಮೆಟ್ರೋ ನೀಲಿ ಮಾರ್ಗದ ಕಾಮಗಾರಿ ಬಂದಿತು, ಬಸ್ಸಿನ ಪಟ್ಟಿ ಹೋಯಿತು. ನಾಳೆಯ ರೈಲಿಗಾಗಿ ಇವತ್ತಿನ ಬಸ್ಸು ಜಾಗ ಬಿಟ್ಟುಕೊಟ್ಟಿತು. ಬಿಟ್ಟದ್ದು ತಪ್ಪೆಂದು ನಾನು ಹೇಳಲಾರೆ. ಆದರೆ ಅದನ್ನು ಮರಳಿ ಕೊಡಬೇಕಾದವರು ಯಾರೆಂಬುದು ಎಲ್ಲಿಯಾದರೂ ಬರೆದಿರಬೇಕಿತ್ತು.

ಹೀಗೆ ಎರಡು ಊರುಗಳ ನಡುವಿನ ರಸ್ತೆಯನ್ನು ಒಂದೇ ಕೈಗೆ ಒಪ್ಪಿಸಿದ ಪ್ರಯೋಗ ನಮ್ಮ ನಾಡಿನಲ್ಲಿಯೇ ನಡೆದಿದೆ. ಅಂತರಕಾಲೇಜು ಚರ್ಚಾಸ್ಪರ್ಧೆಗೆಂದು ಧಾರವಾಡಕ್ಕೆ ಹೋದಾಗ ಅದನ್ನು ಕಣ್ಣಾರೆ ಕಂಡೆ. (ಸ್ಪರ್ಧೆಯಲ್ಲಿ ಬಹುಮಾನ ಬರಲಿಲ್ಲ, ಆ ಮಾತು ಇಲ್ಲಿ ಬೇಡ.) ಹುಬ್ಬಳ್ಳಿ ಧಾರವಾಡಗಳು ೧೯೬೨ರಲ್ಲಿ ಒಂದೇ ಪಾಲಿಕೆಯ ಕೆಳಗೆ ಬಂದರೂ ನಡುವಿನ ದಾರಿ ಸುಮಾರು ಇಪ್ಪತ್ತು ಕಿಲೋಮೀಟರು. ಅಲ್ಲಿ ೨೦೧೨ರಲ್ಲಿ ಈ ದಾರಿಯ ಬಸ್ಸಿಗಾಗಿಯೇ ಒಂದು ಕಂಪನಿಯನ್ನು ಮಾಡಿದರು. ರಾಜ್ಯ ಸರ್ಕಾರ, ಪಾಲಿಕೆ, ವಾಯವ್ಯ ಸಾರಿಗೆ ಸಂಸ್ಥೆ ಇವುಗಳು ಅದರಲ್ಲಿ ಕೈಗೂಡಿಸಿದವು. ರಸ್ತೆಯ ನಡುಭಾಗವನ್ನು ಬಸ್ಸಿಗೆ ಬಿಟ್ಟು, ನಿಲ್ದಾಣಗಳನ್ನು ಬಸ್ಸಿನ ನೆಲದ ಮಟ್ಟಕ್ಕೆ ಕಟ್ಟಿ, ೨೦೧೮ರ ಅಕ್ಟೋಬರಿನಿಂದ 'ಚಿಗರಿ' ಎಂಬ ಬಸ್ಸುಗಳನ್ನು ಓಡಿಸತೊಡಗಿದರು. ವಿಧಿವತ್ತಾದ ಉದ್ಘಾಟನೆ ೨೦೨೦ರ ಫೆಬ್ರವರಿ ೨ರಂದು ನಡೆಯಿತು. ಚಿಗರಿ ಎಂದರೆ ಆ ಕಡೆಯ ಮಾತಿನಲ್ಲಿ ಜಿಂಕೆ. ಟಿಕೆಟ್ಟನ್ನು ನಿಲ್ದಾಣದಲ್ಲಿಯೇ ಕೊಂಡು ಒಳಗೆ ಹೋದರೆ ಆಯಿತು. ಬಾಗಿಲ ಬಳಿ ನೂಕುನುಗ್ಗಲಿಲ್ಲ, ಹತ್ತಲು ಮೆಟ್ಟಿಲಿಲ್ಲ. ಕೋಲೂರಿಕೊಂಡು ಬಂದ ಮುದುಕಿಯೊಬ್ಬರು ಯಾರ ಕೈಯನ್ನೂ ಹಿಡಿಯದೆ ಒಳಗೆ ಬಂದು ಕುಳಿತದ್ದನ್ನು ನೋಡಿ ನನಗೆ ನಮ್ಮ ತಾಯಿಯ ನೆನಪಾಯಿತು.

ಪಕ್ಕದಲ್ಲಿದ್ದ ಹಿರಿಯರೊಬ್ಬರು, "ಏನ್ ತಮ್ಮಾ, ಬೆಂಗಳೂರಾವೇನು?" ಎಂದು ಮಾತಿಗೆಳೆದರು. ಬಸ್ಸನ್ನು ನಾನು ಬಾಯಿತುಂಬ ಹೊಗಳಿದೆ. ಅವರು ನಕ್ಕು, "ನಮ್ಮ ಗಾಡಿ ಛಲೋ ಓಡತಾವ. ಬಾಜೂ ರಸ್ತೇದಾಗ ಸಿಕ್ಕೊಂಡವರನ್ನೂ ಒಂದ್ಸಲ ಕೇಳಿ ಬಾ" ಎಂದರು. ಕಿಟಕಿಯಿಂದ ನೋಡಿದೆ, ಉಣಕಲ್ಲಿನ ಬಳಿ ಉಳಿದ ವಾಹನಗಳು ಇಕ್ಕಟ್ಟಿನಲ್ಲಿ ನಿಂತಿದ್ದವು. ಎಲ್ಲರಿಗೂ ಒಪ್ಪಿಗೆಯಾಗುವ ರಸ್ತೆ ಎಲ್ಲಿಯೂ ಇಲ್ಲವೇನೋ. ಆದರೆ ಆ ಬಸ್ಸು ತಡವಾದರೆ ಯಾರನ್ನು ಕೇಳಬೇಕೆಂಬುದು ಅಲ್ಲಿಯ ಮುದುಕಿಗೂ ಗೊತ್ತು. ಈಗ ಅಲ್ಲಿಯೂ ಕಥೆ ಹೊಸ ತಿರುವು ಪಡೆದಿದೆ: ೨೦೨೫ರ ಜನವರಿಯಲ್ಲಿ ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಮಾಡಲು ರಾಜ್ಯ ಸಚಿವ ಸಂಪುಟ ಒಪ್ಪಿತು. ಪಾಲಿಕೆ ಎರಡಾದರೂ ಚಿಗರಿಯನ್ನು ಕತ್ತರಿಸಿ ಹಂಚುವ ಮಾತಿಲ್ಲ, ಏಕೆಂದರೆ ದಾರಿಯ ಬಸ್ಸಿಗೆ ಅದರದೇ ಮನೆ ಇದೆ.

ಲಂಡನ್ ನಗರದಲ್ಲಿ ಮೂವತ್ತೆರಡು ಬರೋಗಳೂ ಒಂದು ಸಿಟಿ ಕಾರ್ಪೊರೇಷನ್ನೂ ಇವೆ. ನಮ್ಮ ಐದು ಅದರ ಮುಂದೆ ಏನೂ ಅಲ್ಲ. ಅವರು ೨೦೦೦ದಲ್ಲಿ ಇಡೀ ಮಹಾನಗರಕ್ಕೆ ಒಂದು ಸಾರಿಗೆ ಸಂಸ್ಥೆ ಮಾಡಿ, ಮುಖ್ಯವಾದ ಹೆದ್ದಾರಿಗಳನ್ನು ಮಾತ್ರ ಅದಕ್ಕೆ ಒಪ್ಪಿಸಿ, ಉಳಿದ ಬೀದಿಗಳನ್ನು ಬರೋಗಳಿಗೇ ಬಿಟ್ಟರು. ಆ ಹೆದ್ದಾರಿಗಳು ಒಟ್ಟು ರಸ್ತೆಗಳ ಉದ್ದದಲ್ಲಿ ನೂರಕ್ಕೆ ಐದರಷ್ಟು. ಸಂಚಾರದಲ್ಲಿ ಮೂರರಲ್ಲಿ ಒಂದು ಪಾಲಿನ ಹತ್ತಿರ. ಅಂಚಿನಲ್ಲಿ ಕೆಂಪು ಗೆರೆ ಎಳೆದಿರುವುದರಿಂದ ಅವು ಯಾರ ರಸ್ತೆಗಳೆಂದು ದಾರಿಹೋಕನಿಗೂ ತಿಳಿಯುತ್ತದೆ.

ನಮ್ಮಲ್ಲಿ ಕಾನೂನಿಗೆ ಬಡತನವಿಲ್ಲ. ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರದ ಮಸೂದೆಯನ್ನು ೨೦೨೨ರ ಡಿಸೆಂಬರಿನಲ್ಲಿಯೇ ಶಾಸನಸಭೆ ಅಂಗೀಕರಿಸಿತು. ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಇದೆ, ಮುಖ್ಯಮಂತ್ರಿಗಳೇ ಅದರ ಅಧ್ಯಕ್ಷರು. ಆದರೆ ಮುಖ್ಯಮಂತ್ರಿಗಳ ಸಭೆಗೆ ಚರಂಡಿಯ ಚಪ್ಪಡಿಯನ್ನು ಒಯ್ಯಲಾಗುವುದಿಲ್ಲ. ಚಪ್ಪಡಿಯ ಮಾತನ್ನು ಕೇಳಬೇಕಾದವರು ವಾರ್ಡಿನ ಸದಸ್ಯರು. ಹಳೆಯ ಪಾಲಿಕೆಯ ಸದಸ್ಯರ ಅವಧಿ ೨೦೨೦ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ಅದು ಐದಾಗಿ ಒಡೆಯುವವರೆಗೂ ಚುನಾವಣೆ ನಡೆಯಲೇ ಇಲ್ಲ. ಅಷ್ಟು ವರ್ಷ ಮೇಲೆ ಅಧಿಕಾರಿಗಳಿದ್ದರು, ಕೆಳಗೆ ನಾವಿದ್ದೆವು, ನಡುವಿನ ಮೆಟ್ಟಿಲು ಇರಲಿಲ್ಲ.

ನನಗೆ ತೋರುವುದಿಷ್ಟು. ಕೇಂದ್ರ ಮತ್ತು ಪೂರ್ವ ನಗರಪಾಲಿಕೆಗಳು ಹಳೇ ಮದರಾಸು ರಸ್ತೆಗೆಂದೇ, ಹಲಸೂರಿನಿಂದ ಕೃಷ್ಣರಾಜಪುರದವರೆಗೆ, ಒಂದು ಕೂಡುಸಮಿತಿಯನ್ನು ಮಾಡಿಕೊಳ್ಳಬೇಕು. ಬಸ್ಸಿನವರು, ಮೆಟ್ರೋದವರು, ಪೊಲೀಸರು ಅದರಲ್ಲಿ ತಿಂಗಳಿಗೊಮ್ಮೆ ಕೂರಬೇಕು. ಆ ಸಭೆ ನಡೆಯಬೇಕಾದದ್ದು ಕಛೇರಿಯ ಕೊಠಡಿಯಲ್ಲಲ್ಲ, ಟಿನ್ ಫ್ಯಾಕ್ಟರಿಯ ಬಸ್‌ಸ್ಟಾಪಿನಲ್ಲಿ, ಸಂಜೆ ಏಳು ಗಂಟೆಗೆ. (ಈ ಕೊನೆಯ ಮಾತನ್ನು ಗೆಳೆಯರು ತಮಾಷೆಯೆಂದುಕೊಂಡರು, ನಾನು ತಮಾಷೆಗೆ ಹೇಳಿಲ್ಲ.) ಇಡೀ ರಸ್ತೆಗೆ ಬಸ್ಸಿನ ಪಟ್ಟಿ ಬೇಕೆಂದು ನಾನು ಕೇಳುವುದಿಲ್ಲ, ಹಲಸೂರಿನ ಇಕ್ಕಟ್ಟನ್ನು ಬಲ್ಲವರಾರೂ ಕೇಳರು. ಎನ್.ಜಿ.ಇ.ಎಫ್. ಕಡೆಯಿಂದ ಟಿನ್ ಫ್ಯಾಕ್ಟರಿಯವರೆಗಾದರೂ ಬೆಳಿಗ್ಗೆ ಸಂಜೆ ಬಸ್ಸಿಗೆ ದಾರಿ ಬಿಡಬಹುದು. ಬಸ್ಸಿಗೂ ಮೆಟ್ರೋಗೂ ಒಂದೇ ಟಿಕೆಟ್ಟು ಬಂದರೆ ಇನ್ನೂ ಒಳ್ಳೆಯದು. ಎಲ್ಲಕ್ಕಿಂತ ಅಗ್ಗವಾದ ಕೆಲಸವೆಂದರೆ ಪ್ರತಿಯೊಂದು ಬಸ್‌ಸ್ಟಾಪಿನಲ್ಲಿಯೂ ಒಂದು ತಗಡಿನ ಫಲಕ: ಈ ದೀಪ ಯಾರದು, ಈ ಚರಂಡಿ ಯಾರದು, ಯಾವ ನಂಬರಿಗೆ ಫೋನು ಮಾಡಬೇಕು.

ಚಪ್ಪಡಿಯ ವಿಷಯವಾಗಿ ನಾನು ಒಂದು ಕಛೇರಿಗೆ ಕಾಗದ ಬರೆದಿದ್ದೆ. ಮೂರು ವಾರಗಳ ಮೇಲೆ ಉತ್ತರ ಬಂದಿತು: "ಸದರಿ ಸ್ಥಳವು ಈ ಕಛೇರಿಯ ವ್ಯಾಪ್ತಿಗೆ ಒಳಪಡುವುದಿಲ್ಲ." ಯಾರ ವ್ಯಾಪ್ತಿಗೆ ಒಳಪಡುತ್ತದೆಂದು ಅದರಲ್ಲಿ ಇರಲಿಲ್ಲ. ತಾಯಿಗೆ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿ, "ಹಂಗಾದ್ರೆ ಇಬ್ರಿಗೂ ಬರಿ. ಇವ್ರಿಗೆ ಬರೆದಿದ್ದೀನಿ ಅಂತ ಅವ್ರಿಗೆ, ಅವ್ರಿಗೆ ಬರೆದಿದ್ದೀನಿ ಅಂತ ಇವ್ರಿಗೆ" ಎಂದರು. ಹಾಗೆಯೇ ಮಾಡಿದ್ದೇನೆ. ಈ ಲೇಖನವನ್ನು ಸಂಪಾದಕರಿಗೆ ಒಪ್ಪಿಸುವ ದಿನದವರೆಗೆ ಎರಡರಲ್ಲಿ ಒಂದಕ್ಕೆ ಸ್ವೀಕೃತಿಪತ್ರ ಬಂದಿದೆ. ಚಪ್ಪಡಿಯ ಜಾಗದಲ್ಲಿ ಯಾರೋ ಪುಣ್ಯಾತ್ಮರು ಒಂದು ಮುರಿದ ಬಾಗಿಲನ್ನು ಹಾಸಿದ್ದಾರೆ. ತಾಯಿ ಅದರ ಮೇಲೆ ಕಾಲಿಟ್ಟು ಬಸ್ಸು ಹತ್ತುತ್ತಿದ್ದಾರೆ.